ಕೊಡಗಿನ ಮಳೆಗಾಲಕ್ಕೆ ಒಗ್ಗುವ ವಾಷಿಂಗ್ ಮೆಷಿನ್, ಡ್ರೈಯರ್: ತುಂಬು ಸಂಸಾರದ ಬಳಕೆಯಿಂದ ಒಂದು ವಿಮರ್ಶೆ

ಕೊಡಗಿನಲ್ಲಿ ವಾಷಿಂಗ್ ಮೆಷಿನ್ ಕೊಳ್ಳಲು ಹೊರಡುವವರು, ಬಟ್ಟೆ ಎಷ್ಟು ಬೆಳ್ಳಗಾಗುತ್ತದೆ ಎಂದು ವಿಚಾರಿಸುವ ಮೊದಲು, ಒಗೆದ ಬಟ್ಟೆ ಜುಲೈ ತಿಂಗಳಲ್ಲಿ ಹೇಗೆ ಒಣಗುತ್ತದೆ ಎಂಬುದನ್ನು ಯೋಚಿಸಬೇಕು. ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಯಾರೂ ತಾವಾಗಿ ಎತ್ತುವುದಿಲ್ಲ. ಅಲ್ಲಿನ ಮಾತೆಲ್ಲ ಬಣ್ಣ, ಗಾಜಿನ ಮುಚ್ಚಳ, ಮೊಬೈಲಿನಿಂದಲೇ ಚಾಲೂ ಮಾಡುವ ಸೌಕರ್ಯ ಇವುಗಳ ಸುತ್ತಲೇ ನಡೆಯುತ್ತದೆ. ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಅತ್ತೆ, ಮಾವ, ಅಣ್ಣತಮ್ಮಂದಿರ ಎರಡು ಸಂಸಾರ, ಶಾಲೆಗೆ ಹೋಗುವ ಮೂವರು ಮಕ್ಕಳು ಸೇರಿ ಒಂಬತ್ತು ಮಂದಿ ಇದ್ದೇವೆ. ತೋಟದ ಕೆಲಸದ ಬಟ್ಟೆ, ಸಮವಸ್ತ್ರ, ಟವಲು, ಹಾಸಿಗೆಯ ಮೇಲುಹಾಸು ಎಲ್ಲವೂ ದಿನವೂ ರಾಶಿ ಬೀಳುವ ಮನೆ ಇದು. ಇಲ್ಲಿ ಮುಂದಿನಿಂದ ಬಟ್ಟೆ ಹಾಕುವ 8 ಕಿಲೊದ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಮತ್ತು ತೇವದ ಗಾಳಿಯನ್ನು ಕೊಳವೆಯಿಂದ ಹೊರಗೆ ಬಿಡುವ 5.5 ಕಿಲೊದ ವೆಂಟೆಡ್ ಡ್ರೈಯರ್ ಕೆಲವು ಮಳೆಗಾಲಗಳನ್ನು ದಾಟಿವೆ. ನಾದಿನಿಯ ಮನೆಯಲ್ಲಿರುವ, ಫ್ರಿಜ್ಜಿನಂತೆ ಕಂಪ್ರೆಸರಿನಿಂದ ನಡೆಯುವ ಹೀಟ್ ಪಂಪ್ ಡ್ರೈಯರ್, ವಿರಾಜಪೇಟೆಯ ನೆಂಟರ ಮನೆಯಲ್ಲಿರುವ, ಒಗೆದು ಒಣಗಿಸುವ ಎರಡೂ ಕೆಲಸ ಮಾಡುವ ಜೋಡಿ ಯಂತ್ರ, ಇವನ್ನೂ ನಾನು ಕೈಯಾರೆ ಬಳಸಿ ನೋಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ಒಂದು ಕಂಪೆನಿಯ ಒಂದು ಮಾದರಿಯ ಬಗ್ಗೆ ಅಲ್ಲ. ಬಾಷ್, ಎಲ್‌ಜಿ, ಐಎಫ್‌ಬಿ, ಸ್ಯಾಮ್‌ಸಂಗ್ ಮುಂತಾದವರ ಮಾದರಿಗಳು ವರ್ಷ ವರ್ಷವೂ ಬದಲಾಗುತ್ತವೆ. ಯಂತ್ರದ ಬಗೆ ಯಾವುದು, ಅದು ನಮ್ಮ ನೀರಿಗೆ, ನಮ್ಮ ಕರೆಂಟಿಗೆ, ನಮ್ಮ ಮಳೆಗೆ ಒಗ್ಗುತ್ತದೆಯೇ ಎಂಬುದು ಮಾತ್ರ ಬದಲಾಗುವುದಿಲ್ಲ.

ಕಕ್ಕಡ ತಿಂಗಳ, ಎಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಬಟ್ಟೆ ಏಕೆ ಒಣಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದರೂ, ಯಂತ್ರ ಆರಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಗಾಳಿಯೇ ನೀರಿನಿಂದ ತುಂಬಿರುವಾಗ ಬಟ್ಟೆಯಲ್ಲಿರುವ ತೇವಕ್ಕೆ ಹೋಗಲು ಜಾಗವಿರುವುದಿಲ್ಲ. ಫ್ಯಾನಿನ ಕೆಳಗೆ ಹರವಿದರೂ ಅದೇ ತೇವದ ಗಾಳಿ ಕೋಣೆಯೊಳಗೆ ಸುತ್ತು ಹೊಡೆಯುತ್ತದೆ ಅಷ್ಟೇ. ಎರಡು ಮೂರು ದಿನ ಹಗ್ಗದ ಮೇಲೇ ಉಳಿದ ಹತ್ತಿ ಬಟ್ಟೆ ಮುಗ್ಗಲು ವಾಸನೆ ಹಿಡಿಯುತ್ತದೆ, ಕಾಲರಿನ ಒಳಮಡಿಕೆಯಲ್ಲಿ ಕಪ್ಪು ಚುಕ್ಕೆಯಾಗಿ ಬೂಷ್ಟು ಕೂರುತ್ತದೆ, ಆ ಚುಕ್ಕೆ ಆಮೇಲೆ ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ಹಿಂದೆ ಒಲೆಯ ಮೇಲೆ ಹಗ್ಗ ಕಟ್ಟಿ, ಇಲ್ಲವೇ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಬಟ್ಟೆ ಒಣಗಿಸುತ್ತಿದ್ದರು. ನಮ್ಮ ಅತ್ತೆ ಮಕ್ಕಳ ಬಟ್ಟೆಗಳನ್ನು ಹೀಗೆಯೇ ಒಣಗಿಸಿ ಸಾಕಿದವರು. ಈಗ ಸೌದೆ ಒಲೆಯೇ ದಿನವಿಡೀ ಉರಿಯುವುದಿಲ್ಲ, ಮೇಲಾಗಿ ಹೊಗೆಯ ವಾಸನೆ ಹಿಡಿದ ಸಮವಸ್ತ್ರವನ್ನು ಶಾಲೆಗೆ ಹಾಕಿಕೊಂಡು ಹೋಗಲು ಮಕ್ಕಳು ಒಪ್ಪುವುದಿಲ್ಲ.

ಜಿಲ್ಲೆಯೊಳಗೇ ಮಳೆಯಲ್ಲಿ ದೊಡ್ಡ ವ್ಯತ್ಯಾಸವಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ಭಾಗಮಂಡಲ, ಮಡಿಕೇರಿ, ಶಾಂತಳ್ಳಿಯ ಕಡೆಯವರಿಗೆ ಡ್ರೈಯರ್ ಅವಶ್ಯಕ ವಸ್ತುವೇ ಸರಿ. ಕುಶಾಲನಗರದ ಬಯಲಿನಲ್ಲಿರುವವರಿಗೆ ಚೆನ್ನಾಗಿ ಹಿಂಡುವ ವಾಷಿಂಗ್ ಮೆಷಿನ್ ಒಂದಿದ್ದರೆ, ಮಾಡಿನ ಕೆಳಗೆ ಗಾಳಿಯಾಡುವ ಜಾಗವಿದ್ದರೆ, ಬಹುಮಟ್ಟಿಗೆ ಸಾಕಾಗುತ್ತದೆ. ಅವರು ಡ್ರೈಯರಿಗೆ ಹಣ ಸುರಿಯುವ ಮೊದಲು ಒಂದು ಮಳೆಗಾಲ ಕಾದು ನೋಡುವುದು ಒಳ್ಳೆಯದು.

ಒಗೆಯುವ ಯಂತ್ರದಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಹಿಂಡುವ ವೇಗ. ಫ್ರಂಟ್ ಲೋಡ್ ಯಂತ್ರಗಳ ಡ್ರಮ್ಮು ನಿಮಿಷಕ್ಕೆ 1,000ದಿಂದ 1,400 ಸುತ್ತು ತಿರುಗಿ ಬಟ್ಟೆ ಹಿಂಡುತ್ತದೆ. ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಯಂತ್ರಗಳು ಸಾಮಾನ್ಯವಾಗಿ 700 ಸುತ್ತಿನ ಆಸುಪಾಸಿನಲ್ಲೇ ನಿಲ್ಲುತ್ತವೆ. ಕಾಗದದ ಮೇಲೆ ಇದು ಸಣ್ಣ ಅಂತರದಂತೆ ಕಂಡರೂ, ಬಟ್ಟೆಯಲ್ಲಿ ಉಳಿಯುವ ನೀರಿನ ಲೆಕ್ಕಕ್ಕೆ ಬಂದಾಗ ಇದರ ತೂಕ ಗೊತ್ತಾಗುತ್ತದೆ. 1,400 ಸುತ್ತಿನಲ್ಲಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಅದರ ಒಣತೂಕದ ಅರ್ಧದಷ್ಟು ನೀರು ಉಳಿದರೆ, 700 ಸುತ್ತಿನಲ್ಲಿ ಹಿಂಡಿದ್ದರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಉಳಿಯುತ್ತದೆ. ಎಂದರೆ 8 ಕಿಲೊ ಬಟ್ಟೆ ಹಾಕಿದಾಗ ಒಂದರಲ್ಲಿ ಸುಮಾರು 4 ಲೀಟರ್ ನೀರನ್ನು ಒಣಗಿಸಬೇಕು, ಇನ್ನೊಂದರಲ್ಲಿ ಸುಮಾರು 6 ಲೀಟರ್. ಆ ಹೆಚ್ಚಿನ 2 ಲೀಟರ್ ನೀರನ್ನು ಹಿಂಡಿ ತೆಗೆಯಲು ಮೋಟಾರಿಗೆ ಬೇಕಾಗುವ ಕರೆಂಟು ಅತ್ಯಲ್ಪ. ಅದನ್ನೇ ಶಾಖದಿಂದ ಆವಿ ಮಾಡಿ ತೆಗೆಯಲು ಹೊರಟರೆ, ಹೀಟರಿನ ಡ್ರೈಯರಿಗೆ ಲೀಟರಿಗೆ ಹೆಚ್ಚುಕಡಿಮೆ 1 ಯೂನಿಟ್ ಖರ್ಚಾಗುತ್ತದೆ. ಆದ್ದರಿಂದ ಡ್ರೈಯರ್ ಕೊಳ್ಳುವ ಯೋಚನೆ ಇದ್ದವರಿಗೂ, ಇಲ್ಲದವರಿಗೂ ನನ್ನ ಸಲಹೆ ಒಂದೇ: ನಿಮ್ಮ ಹಣಕ್ಕೆ ಎಟುಕುವುದರಲ್ಲಿ ಹೆಚ್ಚು ವೇಗವಾಗಿ ಹಿಂಡುವುದನ್ನು ಕೊಳ್ಳಿ. ಉಳಿದ ಸೌಕರ್ಯಗಳನ್ನು ಬಿಡಬೇಕಾಗಿ ಬಂದರೂ ಇದನ್ನು ಬಿಡಬೇಡಿ.

ಸೆಮಿ ಆಟೊಮ್ಯಾಟಿಕ್ ಯಂತ್ರದ ಹಿಂಡುವ ತೊಟ್ಟಿ ವೇಗವಾಗಿಯೇ ತಿರುಗುತ್ತದೆ, ಬೆಲೆಯೂ ಕಡಿಮೆ, ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಸರಿಮಾಡುತ್ತಾರೆ. ಆದರೆ ಒಂಬತ್ತು ಮಂದಿಯ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಾ, ನೀರು ಬಿಡುತ್ತಾ, ಜಾಲಿಸುತ್ತಾ ಒಬ್ಬರು ಅದರ ಎದುರೇ ನಿಂತಿರಬೇಕಾಗುತ್ತದೆ. ಬೆಳಗ್ಗೆ ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ತೋಟದಲ್ಲಿ ಕೆಲಸದವರನ್ನು ನೋಡಿಕೊಂಡು, ಮಧ್ಯಾಹ್ನದ ಅಡುಗೆಗೆ ತಿರುಗಿ ಬರುವ ಮನೆಯಲ್ಲಿ ಅಷ್ಟು ಹೊತ್ತು ಯಾರ ಬಳಿಯೂ ಇರುವುದಿಲ್ಲ.

ನೀರಿನ ವಿಷಯದಲ್ಲಿ ಕೊಡಗಿನವರಿಗೆ ಒಂದು ಅನುಕೂಲ, ಎರಡು ತೊಡಕು ಇವೆ. ಅನುಕೂಲವೆಂದರೆ ಬೆಟ್ಟದ ತೊರೆಯ ನೀರು ಸಾಮಾನ್ಯವಾಗಿ ಮೃದುವಾಗಿರುತ್ತದೆ. ಸೋಪು ಬೇಗ ನೊರೆಯಾಗುತ್ತದೆ, ಹೀಟರಿನ ಮೇಲೆ ಬಿಳಿ ಸುಣ್ಣ ಕಟ್ಟುವ ಕಾಟ ಬಯಲುಸೀಮೆಯಷ್ಟು ಇರುವುದಿಲ್ಲ. ಸೋಪಿನ ಪೊಟ್ಟಣದ ಮೇಲೆ ಬರೆದ ಅಳತೆಯಲ್ಲಿ ಅರ್ಧದಿಂದ ಮುಕ್ಕಾಲು ಪಾಲು ಹಾಕಿದರೆ ನಮಗೆ ಸಾಕಾಗುತ್ತದೆ. ಹೆಚ್ಚು ಹಾಕಿದರೆ ಫ್ರಂಟ್ ಲೋಡ್ ಯಂತ್ರದೊಳಗೆ ನೊರೆ ತುಂಬಿಕೊಂಡು, ಅದು ತಾನಾಗಿಯೇ ಮತ್ತೆ ಮತ್ತೆ ಜಾಲಿಸುತ್ತಾ ಹೊತ್ತನ್ನೂ ನೀರನ್ನೂ ಹಾಳು ಮಾಡುತ್ತದೆ. ಫ್ರಂಟ್ ಲೋಡಿಗೆಂದೇ ಮಾರುವ, ಕಡಿಮೆ ನೊರೆ ಬರುವ ಪುಡಿ ಅಥವಾ ದ್ರವವನ್ನೇ ಬಳಸಬೇಕು ಎಂಬುದಕ್ಕೆ ಕಾರಣವೂ ಇದೇ.

ತೊಡಕಿನಲ್ಲಿ ಮೊದಲನೆಯದು ಕಬ್ಬಿಣದ ಅಂಶ. ಕೆಲವು ಬಾವಿ, ಬೋರ್‌ವೆಲ್‌ಗಳ ನೀರು ಮೇಲೆತ್ತುವಾಗ ತಿಳಿಯಾಗಿಯೇ ಇದ್ದು, ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಗಾಳಿಗೆ ನಿಂತಾಗ ಕೆಂಪಗಾಗುತ್ತದೆ. ಇಂಥ ನೀರಿನಲ್ಲಿ ಒಗೆದ ಬಿಳಿ ಬಟ್ಟೆ ದಿನ ಕಳೆದಂತೆ ಕಾವಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ತೆಗೆಯಲು ಬ್ಲೀಚಿಂಗ್ ಹಾಕಿದರೆ ಕಬ್ಬಿಣ ಇನ್ನಷ್ಟು ಬೇಗ ತುಕ್ಕಾಗಿ ನೂಲಿಗೇ ಅಂಟಿಕೊಳ್ಳುತ್ತದೆ. ನಿಂಬೆಹುಳಿಯ ಉಪ್ಪು ಎಂದು ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲವನ್ನು ನೀರಿಗೆ ಬೆರೆಸಿ, ಅದರಲ್ಲಿ ಬಟ್ಟೆ ನೆನೆಸಿಟ್ಟರೆ ಕಲೆ ಬಿಡುತ್ತದೆ. ನಿಮ್ಮ ಬಾವಿಯ ನೀರು ಇಂಥದ್ದಾದರೆ ಯಂತ್ರಕ್ಕೆ ಹಾಕುವ ಹಣದಲ್ಲಿ ಸ್ವಲ್ಪ ಭಾಗವನ್ನು ಕಬ್ಬಿಣ ಸೋಸುವ ಫಿಲ್ಟರಿಗೆ ತೆಗೆದಿಡುವುದು ಸರಿ. ಎಷ್ಟೇ ದುಬಾರಿಯ ಯಂತ್ರವೂ ಕೆಂಪು ನೀರಿನಲ್ಲಿ ಬಿಳಿ ಅಂಗಿ ಒಗೆದುಕೊಡಲಾರದು. ತೊರೆಯ ನೀರನ್ನು ಪೈಪಿನಲ್ಲಿ ತರಿಸುವವರಿಗೆ ಜೂನ್ ತಿಂಗಳಲ್ಲಿ ಮರಳು, ಎಲೆಚೂರು ಬರುವುದು ಇದ್ದದ್ದೇ. ಯಂತ್ರಕ್ಕೆ ನೀರಿನ ಪೈಪು ಸೇರುವಲ್ಲಿ ಉಗುರಿನಷ್ಟಗಲದ ಒಂದು ಜಾಲರಿ ಇದೆ. ನಮ್ಮಲ್ಲಿ ಅದನ್ನು ಇಕ್ಕಳದಿಂದ ಹೊರಗೆಳೆದಾಗ ಕಾಫಿ ಚರಟದಂಥ ಕೆಸರು ಅದರ ಮೇಲೆ ಕಟ್ಟಿಕೊಂಡಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದರೆ ಯಂತ್ರಕ್ಕೆ ನೀರು ಮತ್ತೆ ಸರಾಗವಾಗಿ ಬರುತ್ತದೆ. ನೀರು ಬರುತ್ತಿಲ್ಲವೆಂದು ಯಂತ್ರ ಸೂಚನೆ ಕೊಟ್ಟಾಗ ಸರ್ವಿಸಿನವರಿಗೆ ಫೋನು ಮಾಡುವ ಮೊದಲು ಇದನ್ನು ನೋಡಬೇಕು.

ಎರಡನೆಯ ತೊಡಕು ನೀರಿನ ಒತ್ತಡ. ಫ್ರಂಟ್ ಲೋಡ್ ಯಂತ್ರಗಳಿಗೆ ಸಾಮಾನ್ಯವಾಗಿ ನಲ್ಲಿಗಿಂತ ಕನಿಷ್ಠ 3 ಮೀಟರಿನಷ್ಟು ಎತ್ತರದಲ್ಲಿ ಟ್ಯಾಂಕು ಇರಬೇಕಾಗುತ್ತದೆ. ಹೆಂಚಿನ ಮಾಡಿನ ಹಳೆಯ ಮನೆಗಳಲ್ಲಿ ಮಾಡಿನ ಮೇಲೆ ಟ್ಯಾಂಕು ಕೂರಿಸಲು ಬರುವುದಿಲ್ಲ. ಮನೆಯ ಹಿಂದಿನ ದಿಣ್ಣೆಯ ಮೇಲೆ ಟ್ಯಾಂಕು ಇರುವವರಿಗೆ ಚಿಂತೆಯಿಲ್ಲ, ಅಂಗಳದಲ್ಲಿ ಗಿಡ್ಡ ಕಟ್ಟೆಯ ಮೇಲೆ ಇಟ್ಟವರು ಮಾತ್ರ ಒತ್ತಡದ ಸಣ್ಣ ಪಂಪು ಹಾಕಿಸಬೇಕಾಗುತ್ತದೆ. ಟಾಪ್ ಲೋಡಿನ ಪರವಾಗಿ ಒಂದು ಮಾತು ಹೇಳುವುದಾದರೆ, ಅದು ಕಡಿಮೆ ಒತ್ತಡದಲ್ಲೂ ನಿಧಾನವಾಗಿ ನೀರು ತುಂಬಿಕೊಂಡು ಕೆಲಸ ಮಾಡುತ್ತದೆ. ಆದರೆ ಫ್ರಂಟ್ ಲೋಡು ಒಂದು ಸಲಕ್ಕೆ 50ರಿಂದ 70 ಲೀಟರಿನಲ್ಲಿ ಮುಗಿಸುವ ಒಗೆತಕ್ಕೆ ಅದು 100 ಲೀಟರಿಗೂ ಹೆಚ್ಚು ಕೇಳುತ್ತದೆ. ಮಳೆಗಾಲದಲ್ಲಿ ಇದು ಲೆಕ್ಕಕ್ಕೆ ಬಾರದಿದ್ದರೂ, ಏಪ್ರಿಲಿನಲ್ಲಿ ಬಾವಿಯ ತಳ ಕಾಣುವಾಗ ಲೆಕ್ಕಕ್ಕೆ ಬರುತ್ತದೆ.

ಇನ್ನು ಡ್ರೈಯರಿನ ವಿಷಯ. ನಮ್ಮ ವೆಂಟೆಡ್ ಡ್ರೈಯರ್ ಕೋಣೆಯ ಗಾಳಿಯನ್ನು ಎಳೆದುಕೊಂಡು, ಹೀಟರಿನಲ್ಲಿ ಕಾಯಿಸಿ, ತಿರುಗುತ್ತಿರುವ ಬಟ್ಟೆಯ ನಡುವೆ ಹಾಯಿಸಿ, ತೇವದ ಬಿಸಿಗಾಳಿಯನ್ನು ದಪ್ಪ ಕೊಳವೆಯ ಮೂಲಕ ಹೊರಗೆ ಬಿಡುತ್ತದೆ. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಅದನ್ನು ಕಾಯಿಸಿ ಏನು ಪ್ರಯೋಜನ ಎಂದು ಮಾವ ಮೊದಲು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಗಾಳಿ ಬಿಸಿಯಾದಷ್ಟೂ ಅದು ಹೊತ್ತುಕೊಳ್ಳಬಲ್ಲ ತೇವ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ ಶೇಕಡ 95ರಷ್ಟು ತೇವ ತುಂಬಿದ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಶೇಕಡ 11ರ ಆಸುಪಾಸಿಗೆ ಇಳಿಯುತ್ತದೆ, ಅದು ಬೇಸಿಗೆಯ ಬಿಸಿಲಿಗಿಂತಲೂ ಒಣಗಾಳಿ. ಆದ್ದರಿಂದ ಎಂಥ ಮಳೆಯಲ್ಲೂ ಈ ಯಂತ್ರ ಕೆಲಸ ಮಾಡುತ್ತದೆ. ಚೆನ್ನಾಗಿ ಹಿಂಡಿದ ಒಂದು ಸುತ್ತು ಬಟ್ಟೆ ಎರಡು ಗಂಟೆಯೊಳಗೆ ಬೆಚ್ಚಗೆ, ಗರಿಗರಿಯಾಗಿ ಹೊರಬರುತ್ತದೆ. ಅದಕ್ಕೆ ಸುಮಾರು 3 ಯೂನಿಟ್ ಕರೆಂಟು ಬೇಕಾಗುತ್ತದೆ.

ಇದರ ಗುಣಗಳೆಂದರೆ ಬೆಲೆ ಕಡಿಮೆ, ಒಳಗಿನ ರಚನೆ ಸರಳ, ರಿಪೇರಿ ಸುಲಭ. ಬೆಲ್ಟು, ಹೀಟರು, ಫ್ಯಾನು, ಶಾಖ ಹೆಚ್ಚಾದರೆ ನಿಲ್ಲಿಸುವ ಸ್ವಿಚ್ಚು, ಇಷ್ಟರಲ್ಲಿ ಅದರ ಕಥೆ ಮುಗಿಯುತ್ತದೆ. ಕೊರತೆಯೆಂದರೆ ಕೊಳವೆಯನ್ನು ಹೊರಗೆ ಬಿಡಲು ಗೋಡೆಗೆ ತೂತು ಬೇಕು, ಇಲ್ಲವೇ ಕಿಟಕಿಯ ಒಂದು ಗಾಜನ್ನು ತೆಗೆಯಬೇಕು. ಕೊಳವೆಯನ್ನು ಹೊರಗೆ ಬಿಡದೆ ಕೋಣೆಯೊಳಗೇ ಚಲಾಯಿಸುವವರನ್ನು ಕಂಡಿದ್ದೇನೆ. ಬಟ್ಟೆಯಿಂದ ಬಂದ ಅಷ್ಟೂ ನೀರು ಗೋಡೆಗೆ, ಮರದ ಮಾಡಿಗೆ, ಪಕ್ಕದ ಬೀರುವಿಗೆ ಹೋಗಿ ಕೂರುತ್ತದೆ, ಹಾಗೆ ಮಾಡುವುದಾದರೆ ಡ್ರೈಯರ್ ಕೊಳ್ಳದಿರುವುದೇ ಮೇಲು. ಹೊರಗಿನ ಬಾಯಿಗೆ ತಂತಿ ಬಲೆ, ಮಳೆಯ ಎರಚಲು ತಡೆಯುವ ಮುಚ್ಚಳ ಹಾಕಿಸುವುದನ್ನೂ ಮರೆಯಬಾರದು, ಇಲ್ಲವಾದರೆ ಯಂತ್ರ ನಿಂತಿರುವಾಗ ಬೆಚ್ಚಗಿನ ಆ ಕೊಳವೆ ಇಲಿಗೆ ಒಳ್ಳೆಯ ದಾರಿಯಾಗುತ್ತದೆ.

ಬಟ್ಟೆಯ ಜುಂಗನ್ನು ಹಿಡಿಯುವ ಜಾಲರಿಯನ್ನು ಪ್ರತಿ ಸುತ್ತಿನ ನಂತರವೂ ಬಿಡಿಸಬೇಕು. ಹೊಸ ಟವಲುಗಳನ್ನು ಒಣಗಿಸಿದ ದಿನ ಅದರ ಮೇಲೆ ಬೂದು ಬಣ್ಣದ ಮೆತ್ತನೆಯ ಪದರವೊಂದು ಕೂತಿರುತ್ತದೆ. ಬೆರಳಿನಿಂದ ಒಂದು ಮೂಲೆ ಹಿಡಿದೆಳೆದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬರುತ್ತದೆ. ಇದು ಬೇಗ ಹೊತ್ತಿಕೊಳ್ಳುವ ವಸ್ತು. ಜಾಲರಿ ಕಟ್ಟಿಕೊಂಡರೆ ಗಾಳಿ ಓಡಾಡುವುದಿಲ್ಲ, ಗಾಳಿ ಓಡಾಡದಿದ್ದರೆ ಹೀಟರಿನ ಶಾಖ ಏರುತ್ತದೆ, ಡ್ರೈಯರುಗಳಿಂದ ಬೆಂಕಿ ಅವಘಡವಾಗುವುದಕ್ಕೆ ಇದೊಂದು ಮುಖ್ಯ ಕಾರಣ. ನಮ್ಮ ಮನೆಯಲ್ಲಿ ಬಟ್ಟೆ ತೆಗೆದವರೇ ಜಾಲರಿ ಬಿಡಿಸಬೇಕೆಂದು ಕಟ್ಟುನಿಟ್ಟು ಮಾಡಿದ್ದೇವೆ, ದೊಡ್ಡ ಹುಡುಗನೂ ಇದನ್ನು ತಪ್ಪದೆ ಮಾಡುತ್ತಾನೆ. ಎಲ್ಲರೂ ಮಲಗಿರುವಾಗ, ಮನೆಯಲ್ಲಿ ಯಾರೂ ಇಲ್ಲದಿರುವಾಗ ಡ್ರೈಯರ್ ಚಲಾಯಿಸುವುದಿಲ್ಲ.

ಅಮ್ಮತ್ತಿಯಲ್ಲಿರುವ ನಾದಿನಿಯ ಮನೆಯ ಹೀಟ್ ಪಂಪ್ ಡ್ರೈಯರ್ ಬೇರೆಯೇ ಬಗೆಯದು. ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇದರಲ್ಲಿದೆ. ಅದು ಒಂದು ಕಡೆ ಗಾಳಿಯನ್ನು ಕಾಯಿಸಿ ಬಟ್ಟೆಗೆ ಕಳುಹಿಸುತ್ತದೆ, ತೇವ ಹೊತ್ತು ಬಂದ ಅದೇ ಗಾಳಿಯನ್ನು ಇನ್ನೊಂದು ಕಡೆ ತಣಿಸಿ ನೀರನ್ನು ಇಳಿಸಿಕೊಳ್ಳುತ್ತದೆ, ಮತ್ತೆ ಅದನ್ನೇ ಕಾಯಿಸುತ್ತದೆ. ಶಾಖ ಹೊರಗೆ ಹೋಗಿ ವ್ಯರ್ಥವಾಗದ ಕಾರಣ 8 ಕಿಲೊ ಬಟ್ಟೆಗೆ 2 ಯೂನಿಟ್ಟಿನ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಗೋಡೆಗೆ ತೂತು ಬೇಡ, ಕೋಣೆಯಲ್ಲಿ ತೇವವೂ ಹರಡುವುದಿಲ್ಲ. ಇಳಿದ ನೀರು ಒಂದು ಡಬ್ಬಿಯಲ್ಲಿ ತುಂಬುತ್ತದೆ, ಪೈಪು ಜೋಡಿಸಿದರೆ ಮೋರಿಗೇ ಹೋಗುತ್ತದೆ. ಶಾಖ ಕಡಿಮೆಯಾದ್ದರಿಂದ ಸಮವಸ್ತ್ರದ ಬಣ್ಣ, ಚಡ್ಡಿಯ ಇಲಾಸ್ಟಿಕ್ಕು ಬೇಗ ಕೆಡುವುದಿಲ್ಲ. ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಅನುಕೂಲವೆಂದರೆ, ಇದಕ್ಕೆ ಒಮ್ಮೆಗೆ ಬೇಕಾಗುವ ವಿದ್ಯುತ್ತು ಸುಮಾರು 1 ಕಿಲೊವ್ಯಾಟಿನೊಳಗೇ ಇರುತ್ತದೆ. ಮರ ಬಿದ್ದು ಲೈನು ಹೋದ ದಿನಗಳಲ್ಲಿ ಮನೆಯ ಜನರೇಟರಿನಲ್ಲೂ ಇದನ್ನು ನಡೆಸಬಹುದು, 2 ಕಿಲೊವ್ಯಾಟಿಗೂ ಮೇಲ್ಪಟ್ಟು ಕೇಳುವ ಹೀಟರಿನ ಡ್ರೈಯರನ್ನು ಸಣ್ಣ ಜನರೇಟರು ಎಳೆಯುವುದಿಲ್ಲ.

ಹಾಗಾದರೆ ಎಲ್ಲರೂ ಇದನ್ನೇ ಕೊಳ್ಳಬಹುದಲ್ಲ ಎಂದರೆ, ಬೆಲೆ ವೆಂಟೆಡ್ಡಿನ ಎರಡರಷ್ಟನ್ನೂ ಮೀರುತ್ತದೆ, ಹೊತ್ತೂ ಹೆಚ್ಚು ಬೇಕು. ತುಂಬಿಸಿ ಹಾಕಿದ ಹತ್ತಿ ಬಟ್ಟೆಗೆ ಮೂರು ಗಂಟೆ ಹಿಡಿಯುತ್ತದೆ. ಕಂಪ್ರೆಸರಿನ ಭಾಗ ಕೆಟ್ಟರೆ ಅದನ್ನು ತಿಳಿದ ಮೆಕ್ಯಾನಿಕ್ ಹತ್ತಿರದಲ್ಲಿ ಸಿಗಬೇಕು. ಇಷ್ಟಾದರೂ ವರ್ಷಕ್ಕೆ ನಾಲ್ಕೈದು ತಿಂಗಳು ದಿನವೂ ಡ್ರೈಯರ್ ಓಡಿಸಬೇಕಾದ ಮನೆಗೆ, ಹೋಮ್‌ಸ್ಟೇ ನಡೆಸುತ್ತ ಅತಿಥಿಗಳ ಮೇಲುಹಾಸು, ಟವಲುಗಳನ್ನೂ ಒಗೆಯಬೇಕಾದವರಿಗೆ, ಇದೇ ಸರಿಯಾದ ಆಯ್ಕೆ ಎಂದು ನಾನು ಹೇಳುತ್ತೇನೆ. ನಾವು ಮುಂದೆ ಡ್ರೈಯರ್ ಬದಲಿಸುವಾಗ ಹೀಟ್ ಪಂಪ್ ಕೊಳ್ಳುವುದೆಂದೇ ಮನೆಯಲ್ಲಿ ತೀರ್ಮಾನವಾಗಿದೆ.

ಜೋಡಿ ಯಂತ್ರವನ್ನು, ಎಂದರೆ ಒಂದೇ ಡ್ರಮ್ಮಿನಲ್ಲಿ ಒಗೆದು ಒಣಗಿಸುವುದನ್ನು, ತುಂಬು ಸಂಸಾರಕ್ಕೆ ನಾನು ಹೇಳಲಾರೆ. ಜಾಗ ಉಳಿಯುತ್ತದೆ ಎಂಬುದು ನಿಜ, ಮಡಿಕೇರಿಯ ಸಣ್ಣ ಬಾಡಿಗೆ ಮನೆಯಲ್ಲಿರುವ ಇಬ್ಬರಿಗೆ ಅದು ಹೊಂದಬಹುದು. ಆದರೆ ಅದರ ಮೇಲೆ ಬರೆದ ದೊಡ್ಡ ಅಂಕಿ ಒಗೆಯುವ ತೂಕದ್ದು, ಒಣಗಿಸುವ ತೂಕ ಸಾಮಾನ್ಯವಾಗಿ ಅದರ ಅರ್ಧದಿಂದ ಮುಕ್ಕಾಲಿನಷ್ಟು ಮಾತ್ರ. 8 ಕಿಲೊ ಒಗೆಯುವ ಯಂತ್ರ ಸಾಮಾನ್ಯವಾಗಿ 5 ಕಿಲೊ ಮಾತ್ರ ಒಣಗಿಸುತ್ತದೆ, ಆದ್ದರಿಂದ ಒಗೆತ ಮುಗಿದ ಮೇಲೆ ಕೆಲವು ಒದ್ದೆ ಬಟ್ಟೆಗಳನ್ನು ಹೊರಗೆ ತೆಗೆದಿಡಬೇಕಾಗುತ್ತದೆ. ಒಗೆದು ಒಣಗಿಸುವ ಪೂರ್ತಿ ಕೆಲಸಕ್ಕೆ ಐದಾರು ಗಂಟೆ ಹಿಡಿಯುವ ಕಾರಣ, ಅಷ್ಟು ಹೊತ್ತು ಮುಂದಿನ ಸುತ್ತಿನ ಬಟ್ಟೆ ಬುಟ್ಟಿಯಲ್ಲೇ ಕಾಯುತ್ತದೆ. ಇದರಲ್ಲಿ ಬಹಳಷ್ಟು ಮಾದರಿಗಳು ತೇವವನ್ನು ತಣಿಸಿ ಇಳಿಸಲು ಒಣಗಿಸುವಾಗಲೂ ತಣ್ಣೀರನ್ನು ಹರಿಸುತ್ತವೆ. ಒಂದು ಭಾಗ ಕೆಟ್ಟರೆ ಒಗೆಯುವುದೂ ಇಲ್ಲ, ಒಣಗಿಸುವುದೂ ಇಲ್ಲ. ಎರಡು ಬೇರೆ ಬೇರೆ ಯಂತ್ರಗಳಿದ್ದರೆ ಒಂದು ಒಣಗಿಸುತ್ತಿರುವಾಗ ಇನ್ನೊಂದು ಒಗೆಯುತ್ತದೆ. ಜೋಡಿಸುವ ಸ್ಟ್ಯಾಂಡು ಸಿಗುವುದರಿಂದ ಒಂದರ ಮೇಲೊಂದು ಇಡಬಹುದು, ನೆಲದ ಜಾಗ ಅಷ್ಟೇ ಸಾಕು.

ಕರೆಂಟಿನ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಿ ನೋಡಬೇಕು. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್ ಎಂಬ ಗೆರೆ ಎಲ್ಲ ಮನೆಗಳ ಮನಸ್ಸಿನಲ್ಲೂ ಇದೆ, ಏಕೆಂದರೆ ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ವೆಂಟೆಡ್ ಡ್ರೈಯರಿನಲ್ಲಿ ದಿನಕ್ಕೆ ಒಂದು ಸುತ್ತು ಒಣಗಿಸಿದರೆ ತಿಂಗಳಿಗೆ ಸುಮಾರು 90 ಯೂನಿಟ್ ಅದಕ್ಕೇ ಹೋಗುತ್ತದೆ. ನಮ್ಮಂಥ ದೊಡ್ಡ ಮನೆ ಹೇಗೂ ಆ ಗೆರೆಯಾಚೆಗೇ ಇರುವುದರಿಂದ ನಮಗೆ ಹೆಚ್ಚುವರಿ ಯೂನಿಟ್ಟಿನ ಹಣ ಮಾತ್ರ ಬೀಳುತ್ತದೆ. 120 ಯೂನಿಟ್ಟಿನಲ್ಲಿ ತಿಂಗಳು ಕಳೆಯುವ ಮನೆಗೆ ಮಾತ್ರ ಇದು ಶೂನ್ಯ ಬಿಲ್ಲಿನಿಂದ ಸಾವಿರ ರೂಪಾಯಿಗೂ ಮೇಲಿನ ಬಿಲ್ಲಿಗೆ ಹೋಗುವ ಮಾತು. ಅಂಥವರು ಡ್ರೈಯರಿಗೆ ಸಮವಸ್ತ್ರ, ಒಳಉಡುಪು, ಟವಲುಗಳನ್ನಷ್ಟೇ ಹಾಕಿ, ನೈಲಾನು, ಪಾಲಿಯೆಸ್ಟರಿನ ಬಟ್ಟೆಗಳನ್ನು ಜಗಲಿಯ ಹಗ್ಗಕ್ಕೆ ಬಿಟ್ಟರೆ ಲೆಕ್ಕ ಗೆರೆಯೊಳಗೆ ನಿಲ್ಲಬಹುದು. ಪಾಲಿಯೆಸ್ಟರು ನೀರು ಕುಡಿಯುವುದು ಕಡಿಮೆ, 1,400 ಸುತ್ತಿನಲ್ಲಿ ಹಿಂಡಿದ್ದು ಮಳೆಯಲ್ಲೂ ಒಂದು ದಿನದಲ್ಲಿ ಆರುತ್ತದೆ.

ವಾಷಿಂಗ್ ಮೆಷಿನ್ನಿಗೂ ಡ್ರೈಯರಿಗೂ ಬೇರೆ ಬೇರೆ 16 ಆಂಪಿಯರಿನ ಪ್ಲಗ್ಗು ಬೇಕು, ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎರಡನ್ನೂ ಎಳೆಯುವುದು ಅಪಾಯ. ಒದ್ದೆ ಕೈ, ಒದ್ದೆ ನೆಲದ ಜಾಗವಾದ್ದರಿಂದ ಅರ್ತಿಂಗ್ ಸರಿಯಿರುವುದನ್ನು ಎಲೆಕ್ಟ್ರಿಷಿಯನ್ನಿನಿಂದ ಅಳತೆ ಮಾಡಿಸಿ ನೋಡಬೇಕು, ಸೋರಿಕೆಯಾದ ಕ್ಷಣ ಕರೆಂಟು ಕಡಿಯುವ ಬ್ರೇಕರನ್ನೂ ಹಾಕಿಸಬೇಕು. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ಕೆಲಸ ಮುಗಿದೊಡನೆ ಪ್ಲಗ್ಗನ್ನೇ ಕಿತ್ತಿಡುವುದು ನಮ್ಮ ರೂಢಿ. ಕರೆಂಟು ಹೋಗಿ ಬಂದಾಗ ನಿಂತಲ್ಲಿಂದಲೇ ಮುಂದುವರಿಯುವ ಗುಣ ಈಗ ಹೆಚ್ಚಿನ ಯಂತ್ರಗಳಲ್ಲಿದೆ, ಆದರೂ ಕೊಳ್ಳುವಾಗ ಕೇಳಿ ಖಚಿತ ಮಾಡಿಕೊಳ್ಳಿ.

ಡ್ರೈಯರಿಗೆ ಹಣವಿಲ್ಲ ಎನ್ನುವವರು ಕೋಣೆಯ ಗಾಳಿಯಿಂದ ತೇವ ಹೀರುವ ಡಿಹ್ಯೂಮಿಡಿಫೈಯರನ್ನು ಯೋಚಿಸಬಹುದು. ಸಣ್ಣ ಕೋಣೆಯೊಂದರ ಕಿಟಕಿ ಬಾಗಿಲು ಮುಚ್ಚಿ, ಹಗ್ಗದ ಮೇಲೆ ಬಟ್ಟೆ ಹರವಿ, ಈ ಯಂತ್ರವನ್ನೂ ಒಂದು ಫ್ಯಾನನ್ನೂ ಹಾಕಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಬಟ್ಟೆ ಒಣಗಿರುತ್ತದೆ. ರೇಷ್ಮೆ ಸೀರೆ, ಕೊಡವ ಗಂಡಸರು ಮದುವೆಗೆ ತೊಡುವ ಕುಪ್ಯ ಎಂಬ ನಿಲುವಂಗಿ, ಚರ್ಮದ ಚಪ್ಪಲಿ, ಪುಸ್ತಕ ಇವೆಲ್ಲವನ್ನೂ ಡ್ರೈಯರಿಗೆ ಹಾಕುವಂತಿಲ್ಲ, ಆದರೆ ಬೂಷ್ಟಿನಿಂದ ಕಾಪಾಡಲೇಬೇಕು. ಆ ಕೆಲಸಕ್ಕೆ ಇದು ಡ್ರೈಯರಿಗಿಂತಲೂ ಒಳ್ಳೆಯದು.

ತೋಟದ ಮನೆಯ ಬಟ್ಟೆಯ ಬಗ್ಗೆ ಇಷ್ಟು. ಗಮ್ ಬೂಟಿನೊಳಗೆ ನುಗ್ಗಿದ ಜಿಗಣೆ ಕಚ್ಚಿ ಕಾಲುಚೀಲಕ್ಕೆ ಅಂಟಿದ ರಕ್ತವನ್ನು ಮೊದಲು ತಣ್ಣೀರಿನಲ್ಲೇ ಹಿಂಡಬೇಕು, ಬಿಸಿನೀರು ತಗುಲಿದರೆ ಕಲೆ ನೂಲಿನಲ್ಲೇ ನಿಂತುಬಿಡುತ್ತದೆ. ಕೆಸರಾದ ಪ್ಯಾಂಟನ್ನು ನಲ್ಲಿಯ ಕೆಳಗೆ ಒಮ್ಮೆ ಜಾಡಿಸದೆ ಯಂತ್ರಕ್ಕೆ ಹಾಕಿದರೆ ಮಣ್ಣೆಲ್ಲ ಪಂಪಿಗೆ ಹೋಗುತ್ತದೆ. ಯಂತ್ರದ ಮುಂಭಾಗದ ಕೆಳಮೂಲೆಯಲ್ಲಿ ಪಂಪಿನ ಜಾಲರಿಯ ಸಣ್ಣ ಬಾಗಿಲಿದೆ. ಅಡಿಗೆ ತಟ್ಟೆಯಿಟ್ಟು ಅದನ್ನು ತಿರುಗಿಸಿ ತೆಗೆದರೆ ನಮ್ಮಲ್ಲಿ ಸಿಗುವುದು ಹೀಗಿರುತ್ತದೆ: ಉಬ್ಬಿಕೊಂಡ ಕರಿಮೆಣಸಿನ ಕಾಳು, ಅಡಿಕೆಯ ಚೂರು, ಮಗಳ ಹೇರ್‌ಪಿನ್ನು, ಒಂದು ಹಿಡಿ ಮರಳು. ನೀರು ಹೊರಗೆ ಹೋಗದೆ ಯಂತ್ರ ನಿಲ್ಲುವುದು ಬಹಳ ಸಲ ಇದರಿಂದಲೇ. ಒಗೆತ ಮುಗಿದ ಮೇಲೆ ಬಾಗಿಲನ್ನು ಓರೆಯಾಗಿ ತೆರೆದಿಟ್ಟು, ರಬ್ಬರಿನ ಮಡಿಕೆಯನ್ನು ಒರೆಸಿ, ಆಗಾಗ ಬರಿ ಡ್ರಮ್ಮನ್ನು ಬಿಸಿನೀರಿನಲ್ಲಿ ತಿರುಗಿಸದಿದ್ದರೆ ನಮ್ಮ ಹವೆಯಲ್ಲಿ ರಬ್ಬರಿಗೂ ಬೂಷ್ಟು ಹಿಡಿಯುತ್ತದೆ.

ಗ್ಯಾರಂಟಿಯ ವಿಷಯದಲ್ಲಿ ಅಂಗಡಿಯವರು ಮೋಟಾರಿಗೆ 10 ವರ್ಷ ಎಂಬುದನ್ನೇ ದೊಡ್ಡದಾಗಿ ಹೇಳುತ್ತಾರೆ. ಆದರೆ ಇಲ್ಲಿಯ ತೇವಕ್ಕೆ, ವೋಲ್ಟೇಜಿನ ಏರಿಳಿತಕ್ಕೆ, ಒಳಗೆ ಹೊಕ್ಕ ಹಲ್ಲಿ ಇರುವೆಗಳಿಗೆ ಮೊದಲು ಬಲಿಯಾಗುವುದು ಮೋಟಾರಲ್ಲ, ಎಲೆಕ್ಟ್ರಾನಿಕ್ ಬೋರ್ಡು. ಇಡೀ ಯಂತ್ರಕ್ಕೆ, ಬೋರ್ಡೂ ಸೇರಿ, ಎಷ್ಟು ವರ್ಷ ಎಂದು ಕೇಳಿ ಬರೆಸಿಕೊಳ್ಳಿ. ನಮ್ಮ ಯಂತ್ರದ ಬೋರ್ಡು ಒಂದು ಮಳೆಗಾಲದ ನಡುವೆ ಕೆಟ್ಟಾಗ ದುರಸ್ತಿಗೆ ಬಂದ ಹುಡುಗ, "ಅಕ್ಕಾ, ಬೋರ್ಡು ಮೈಸೂರಿನಿಂದ ಬರಬೇಕು, ರಸ್ತೆ ಸರಿಯಿದ್ದರೆ ಈ ವಾರ" ಎಂದ. ಅವನ ತಪ್ಪು ಅದರಲ್ಲಿ ಏನೂ ಇರಲಿಲ್ಲ, ಬೋರ್ಡು ಬಂದ ದಿನವೇ ಮಳೆಯಲ್ಲಿ ಬೈಕಿನಲ್ಲಿ ಬಂದು ಹಾಕಿಕೊಟ್ಟ. ಆದ್ದರಿಂದ ನಿಮ್ಮ ಊರಿನ ಪಿನ್‌ಕೋಡಿಗೆ ಯಾವ ಕಂಪೆನಿಯ ಸರ್ವಿಸ್ ಹುಡುಗ ಎಲ್ಲಿಂದ ಬರುತ್ತಾನೆ ಎಂದು ವಿಚಾರಿಸಿ, ಅಕ್ಕಪಕ್ಕದ ತೋಟದವರನ್ನು ಕೇಳಿ, ಆಮೇಲೆ ಕಂಪೆನಿಯನ್ನು ಆರಿಸಿ. ಮೈಸೂರಿನ ದೊಡ್ಡ ಅಂಗಡಿಯಲ್ಲಿ ಎರಡು ಮೂರು ಸಾವಿರ ಕಡಿಮೆಗೆ ಸಿಕ್ಕರೂ, ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಪರಿಚಯದ ಅಂಗಡಿಯಿಂದ ಕೊಂಡರೆ ತೊಂದರೆ ಬಂದಾಗ ಹೋಗಿ ಕೇಳಲು ಒಬ್ಬರು ಇರುತ್ತಾರೆ. ಯಂತ್ರದ ತಳಕ್ಕೆ ಇಲಿ ಹೊಗದಂತೆ ತಡೆ ಹಾಕಿಸುವುದನ್ನು ಅದೇ ದಿನ ಮುಗಿಸಿ.

ಫ್ರಂಟ್ ಲೋಡ್ ಯಂತ್ರ ಸಾಮಾನ್ಯವಾಗಿ 60 ಕಿಲೊ ಇಲ್ಲವೇ ಅದಕ್ಕಿಂತ ಹೆಚ್ಚು ತೂಗುತ್ತದೆ, ಹಿಂಡುವಾಗ ಅಲುಗಾಡದಿರಲೆಂದು ಅದರೊಳಗೆ ಕಾಂಕ್ರೀಟಿನ ಗಟ್ಟಿಯೇ ಇರುತ್ತದೆ. ಮರದ ಹಲಗೆಯ ಮಹಡಿಯ ಮೇಲೆ ಅದನ್ನು ಇಡಬಾರದು, ಎರಚಲು ಬೀಳದ, ಗಟ್ಟಿ ನೆಲದ ಜಾಗ ಬೇಕು. ಯಂತ್ರ ಜೋಡಿಸಲು ಬಂದವರು ಸಾಗಣೆಗೆಂದು ಡ್ರಮ್ಮಿಗೆ ಬಿಗಿದ ಬೋಲ್ಟುಗಳನ್ನು ಬಿಚ್ಚಿದರೇ ಎಂದು ಎದುರಿಗೆ ನಿಂತು ನೋಡಿ, ಆ ಬೋಲ್ಟುಗಳನ್ನು ಎತ್ತಿಟ್ಟುಕೊಳ್ಳಿ. ಪ್ಲಗ್ಗು, ಅರ್ತಿಂಗು, ಗೋಡೆಯ ತೂತು ಈ ಕೆಲಸಗಳೆಲ್ಲ ಮೇ ತಿಂಗಳೊಳಗೆ ಮುಗಿದಿರಬೇಕು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಎಲೆಕ್ಟ್ರಿಷಿಯನ್ನು ಸಿಗುವುದು ಕಷ್ಟ, ಗಾರೆಯೂ ಬೇಗ ಒಣಗುವುದಿಲ್ಲ.